ನಾನು ಆಡಿದ ಮಾತು ವಾಪಸ್ ತಗೋತೀನಿ, ಸಾಹೇಬ್ರೆ

ಜಿಲ್ಲೆಯ ಸಾಂಸ್ಕೃತಿಕ ಕಾರ್ಯಕ್ರಮಗಳ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ. ಒಬ್ಬರ ಹೆಸರು ಹಾಕಿಯೇ ಈ ಪತ್ರ ಬರೆಯಬಹುದಿತ್ತು. ಆದರೆ ತಪ್ಪು ಆ ಸಾಹೇಬರದ್ದಲ್ಲ, ನನ್ನದು. ಅದಕ್ಕೇ ಎಲ್ಲರ ಎದುರಿಗೆ ಹೇಳಿಬಿಡೋಣ ಅಂತ ಕೂತಿದ್ದೇನೆ.

ನಾನು ವಿಜಯಪುರದ ಗಾಂಧಿ ಚೌಕದ ಹತ್ತಿರ ಫೋಟೊ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜ್ ಫೋಟೊ. ಜೊತೆಗೆ ಮೈಕ್, ಪ್ರೊಜೆಕ್ಟರ್, ಪರದೆ ಬಾಡಿಗೆಗೆ ಕೊಡುತ್ತೇನೆ. ಹೋದ ಮಳೆಗಾಲದಲ್ಲಿ ಒಂದು ಸಭೆಗೆ ಮೈಕ್ ಹಾಕಲು ಹೋಗಿದ್ದೆ. ಸಭೆ ಮುಗಿದ ಮೇಲೆ ವೈರ್ ಸುತ್ತುತ್ತಿದ್ದೆ. ಆಗ ಕಾಲೇಜಿನ ನಾಲ್ಕೈದು ಹುಡುಗ ಹುಡುಗಿಯರು ಅರ್ಜಿ ಹಿಡಿದು ಬಂದರು. ತಿಂಗಳಿಗೊಂದು ಹಳೇ ಒಳ್ಳೇ ಸಿನಿಮಾ ತೋರಿಸುತ್ತೇವೆ, ಒಂದು ಸಂಜೆ ರಂಗಮಂದಿರ ಕೊಡಿ ಅನ್ನುವುದು ಅವರ ಬೇಡಿಕೆ. ಸಾಹೇಬರು ಅರ್ಜಿಯನ್ನು ಪೂರ್ತಿ ಓದಿದರು. ಬೇಡ ಅನ್ನಲಿಲ್ಲ. ನನ್ನ ಕಡೆ ತಿರುಗಿ, "ಏನಪಾ, ನೀ ಇದೇ ಧಂದೆದಾಗ ಇದ್ದೀ. ಮಂದಿ ಬರ್ತಾರೇನು?" ಅಂತ ಕೇಳಿದರು.

ನಾನು ವೈರ್ ಸುತ್ತುವುದನ್ನೂ ನಿಲ್ಲಿಸಲಿಲ್ಲ. "ಇಲ್ರಿ ಸರ್. ಇಂಥಾ ಪಿಚ್ಚರಿಗೆ ನಮ್ಮ ಕಡೆ ಮಂದಿ ಕೂಡಂಗಿಲ್ಲ. ಹತ್ತ ನಿಮಿಷಕ್ಕ ಎದ್ದ ಹೋಗ್ತಾರ. ಸುಮ್ನೆ ಕರೆಂಟ್ ದಂಡ" ಅಂದೆ.

ಅಷ್ಟೇ. ಅರ್ಜಿ ಬೇರೆ ಕಾಗದಗಳ ಕೆಳಗೆ ಹೋಯಿತು. ಹುಡುಗರು ನನ್ನನ್ನು ಒಮ್ಮೆ ನೋಡಿ ಹೊರಗೆ ನಡೆದರು. ಗೊತ್ತಿದ್ದವನು ಅಂತ ಸಾಹೇಬರು ನನ್ನನ್ನು ಕೇಳಿದ್ದರು. ನಾನು ಗೊತ್ತಿಲ್ಲದೇ ಹೇಳಿದ್ದೆ. ಆ ಮಾತನ್ನು ಈಗ ವಾಪಸ್ ತಗೋತೀನಿ. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಪುರುಸೊತ್ತಿದ್ದಾಗ ಓದಿ.

ಆ ಹುಡುಗರು ಛಲ ಬಿಡಲಿಲ್ಲ. ತಾವೇ ದುಡ್ಡು ಕೂಡಿಸಿ ಒಂದು ಸಣ್ಣ ಹಾಲ್ ಹಿಡಿದರು. ಪ್ರೊಜೆಕ್ಟರ್ ಬಾಡಿಗೆಗೆ ಬಂದದ್ದು ಎಲ್ಲಿಗೆ? ನನ್ನ ಅಂಗಡಿಗೇ! ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ, ರೇಟು ಹೇಳಿದೆ. ಯಾವ ಪಿಚ್ಚರ್ ಅಂತ ಕೇಳಿದೆ. 'ಶತರಂಜ್ ಕೆ ಖಿಲಾಡಿ' ಅಂದರು. ಸತ್ಯಜಿತ್ ರಾಯ್ ಅವರದ್ದು, 1977ರದ್ದು. ಬಂಗಾಳಿಯಲ್ಲೇ ಸಿನಿಮಾ ಮಾಡಿಕೊಂಡಿದ್ದವರು ಮೊದಲ ಸಲ ಹಿಂದಿಗೆ ಬಂದದ್ದು ಇದರಲ್ಲಂತೆ. ಪ್ರೇಮಚಂದರ ಒಂದು ಸಣ್ಣ ಕಥೆ. 1856ರ ಲಖನೌ. ಇಂಗ್ಲಿಷರು ರಾಜ್ಯ ಕಸಿದುಕೊಳ್ಳಲು ಬಾಗಿಲಿಗೆ ಬಂದಿದ್ದಾರೆ. ಇಬ್ಬರು ಸಾಹುಕಾರ ಗೆಳೆಯರು ಮಾತ್ರ ಚದುರಂಗ ಆಡುತ್ತಾ ಕೂತಿದ್ದಾರೆ.

"ಎರಡೂ ತಾಸು ಚದುರಂಗಾನೇ ಏನ್ರಪಾ? ಗೆಲ್ಲೋರು ಯಾರು?" ಅಂತ ನಕ್ಕೆ.

"ನೀವೇ ನೋಡ್ರಿ ಅಣ್ಣಾ" ಅಂದರು.

ನೋಡುವ ಮನಸ್ಸು ಇರಲೇ ಇಲ್ಲ. ಆದರೆ ನನ್ನ ಪ್ರೊಜೆಕ್ಟರ್ ಬಿಟ್ಟು ಹೋಗುವ ಹಾಗಿಲ್ಲ. ಅದರ ಫ್ಯಾನಿಗೆ ವಯಸ್ಸಾಗಿದೆ, ಬಿಸಿಯಾದರೆ ತಾನೇ ಆರಿಬಿಡುತ್ತದೆ. ಹಾಗಾಗಿ ಅದರ ಮಗ್ಗುಲಲ್ಲಿ ಒಂದು ಸ್ಟೂಲ್ ಹಾಕಿಕೊಂಡೆ. ಕೈಯಲ್ಲಿ ಮೊಬೈಲ್. ಹೇಗೋ ಎರಡು ತಾಸು ಕಳೆದರಾಯಿತು ಅಂದುಕೊಂಡೆ.

ನನ್ನ ಕಸುಬಿನ ಬಗ್ಗೆ ಇಲ್ಲಿ ಒಂದು ಮಾತು. ಮೊದಲೆಲ್ಲ ಮದುವೆ ವಿಡಿಯೋ ಅಂದರೆ ಮೂರು ಕ್ಯಾಸೆಟ್. ಅರಿಶಿಣದಿಂದ ಹಿಡಿದು ಊಟದ ಪಂಕ್ತಿಯವರೆಗೆ ಎಲ್ಲ ಇರಬೇಕು. ಹೋಳಿಗೆ ತಿನ್ನುವವರ ಬಾಯಿ ಮುಂದೆ ಲೈಟ್ ಹಿಡಿದು ಶೂಟ್ ಮಾಡಿದ್ದೇವೆ. ಮನೆಮಂದಿ ಎಲ್ಲ ಕೂತು ಅದನ್ನು ಪೂರ್ತಿ ನೋಡುತ್ತಿದ್ದರು, ಅದೂ ಎರಡೆರಡು ಸಲ. ಈಗ ಮದುವೆ ಅಂದರೆ ಮೂರು ನಿಮಿಷ. ಒಂದು ಶಾಟ್ ಎರಡು ಸೆಕೆಂಡ್ ದಾಟಿದರೆ "ಅಣ್ಣಾ, ಭಾಳ ಎಳದೀರಿ" ಅನ್ನುತ್ತಾರೆ. ಹಾಡಿನ ತಾಳಕ್ಕೆ ಕಟ್ ಬೀಳಬೇಕು. ಡ್ರೋನ್ ಏಳಬೇಕು. ದುಪಟ್ಟಾ ಹಾರಬೇಕು. ಇದನ್ನೇ ಮಾಡಿ ಮಾಡಿ, ಮನುಷ್ಯನ ಕಣ್ಣು ಎರಡು ಸೆಕೆಂಡಿಗಿಂತ ಜಾಸ್ತಿ ಒಂದು ಕಡೆ ನಿಲ್ಲುವುದೇ ಇಲ್ಲ ಅಂತ ನಂಬಿದ್ದೆ. ಸಾಹೇಬರಿಗೆ ಹೇಳಿದ ಮಾತು ಇಲ್ಲಿಂದ ಬಂದದ್ದು. ಮಂದಿಯನ್ನು ನೋಡಿ ಹೇಳಿದ್ದಲ್ಲ, ನನ್ನ ಗಿರಾಕಿಗಳ ಮೊಬೈಲ್ ನೋಡಿ ಹೇಳಿದ್ದು.

ಸಿನಿಮಾ ಶುರುವಾಯಿತು. ಪರದೆ ತುಂಬ ಒಂದು ಚದುರಂಗದ ಹಾಸು. ಒಂದು ಕೈ ಬರುತ್ತದೆ, ಕಾಯಿ ಎತ್ತಿ ಇಡುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ. ಹಿಂದೆ ಅಮಿತಾಭ್ ಬಚ್ಚನ್ ದನಿ. ಹುಡುಗರು ಸೀಟಿ ಹೊಡೆದರು, ಈಗ ಅಮಿತಾಭ್ ಬರುತ್ತಾನೆ ಅಂತ. ಬರಲೇ ಇಲ್ಲ. ಸಿನಿಮಾದ ತುಂಬ ದನಿ ಮಾತ್ರ.

ಆಮೇಲೆ ಒಂದು ಕಾರ್ಟೂನ್ ಬಂತು. ಇಂಗ್ಲಿಷರ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ ಒಂದೊಂದೇ ರಾಜ್ಯವನ್ನು ಚೆರ್ರಿ ಹಣ್ಣಿನ ಹಾಗೆ ಬಾಯಿಗೆ ಹಾಕಿಕೊಳ್ಳುತ್ತಾನೆ. ಐತಿಹಾಸಿಕ ಪಿಚ್ಚರಿನಲ್ಲಿ ಇದೆಂಥ ಮಕ್ಕಳಾಟ ಅನ್ನಿಸಿತು. ಅದೇ ಡಾಲ್‌ಹೌಸಿ 1848ರಲ್ಲಿ ಸಾತಾರಾ ನುಂಗಿದಾಗ ನಮ್ಮೂರೂ ಅದರ ಜೊತೆಗೇ ಹೊಟ್ಟೆಗೆ ಹೋಯಿತು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಆ ಕಾಲಕ್ಕೆ ವಿಜಯಪುರ ಸಾತಾರಾ ರಾಜರ ಕೈಯಲ್ಲಿತ್ತಂತೆ. ಆ ಚೆರ್ರಿ ಹಣ್ಣುಗಳಲ್ಲಿ ನಮ್ಮದೂ ಒಂದು ಚೂರು ಇತ್ತು ಅಂತಾಯಿತು. ಮರುದಿನ ಒಬ್ಬ ಹುಡುಗಿ ಇದನ್ನು ಹೇಳಿದಾಗ, ಈ ಕಾರ್ಟೂನನ್ನು ಇನ್ನೊಮ್ಮೆ ನೋಡಬೇಕಿತ್ತು ಅನ್ನಿಸಿತು.

ಹಾಲ್‌ನಲ್ಲಿ ನಲವತ್ತು ಮಂದಿ ಇದ್ದರು. ಅರ್ಧ ತಾಸಿನೊಳಗೆ ಹತ್ತು ಮಂದಿ ಎದ್ದು ಹೋದರು. ಒಬ್ಬೊಬ್ಬರು ಎದ್ದಾಗಲೂ ನಾನು ಎಣಿಸಿದೆ. ಖರೇ ಹೇಳಬೇಕೆಂದರೆ ಖುಷಿಯಿಂದಲೇ ಎಣಿಸಿದೆ. ನನ್ನ ಮಾತು ನಿಜ ಆಗುತ್ತಿತ್ತಲ್ಲ.

ನನ್ನ ಪಕ್ಕದಲ್ಲಿ ಒಬ್ಬ ಚಾಚಾ ಕೂತಿದ್ದರು. ನಮ್ಮ ಓಣಿಯವರೇ, ಎಪ್ಪತ್ತು ದಾಟಿದವರು. ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದರು. ನನಗೆ ಉರ್ದು ಅಷ್ಟಕ್ಕಷ್ಟೇ. ಕೆಳಗೆ ಬರುತ್ತಿದ್ದ ಅಕ್ಷರ ಇಂಗ್ಲಿಷಿನಲ್ಲಿ. ಚಾಚಾನೇ ಅಷ್ಟಿಷ್ಟು ಬಿಡಿಸಿ ಹೇಳಿದರು. ಅವರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. "ಇದು ಲಖನೌ ಉರ್ದು ಅದಪಾ. ನಮ್ಮ ದಖನಿ ಅಂದ್ರ ಜೋಳದ ರೊಟ್ಟಿ. ಇವರ್ದು ಶೀರಮಾಲ್, ಹಾಲು ಕೇಸರಿ ಹಾಕಿದ ರೊಟ್ಟಿ" ಅಂದರು.

ಆ ಇಬ್ಬರು ಗೆಳೆಯರಲ್ಲಿ ಒಬ್ಬ ಮಿರ್ಜಾ. ಅವನ ಹೆಂಡತಿ ಸಿಟ್ಟಿಗೆದ್ದು ಚದುರಂಗದ ಕಾಯಿಗಳನ್ನೆಲ್ಲ ಮಾಯ ಮಾಡಿಬಿಡುತ್ತಾಳೆ. ಗಂಡ ದಿನವಿಡೀ ಆಟದಲ್ಲೇ ಇದ್ದರೆ ಅವಳಾದರೂ ಏನು ಮಾಡಬೇಕು? ಗೆಳೆಯರಿಬ್ಬರೂ ಕಂಗಾಲು. ಪರಿಚಯದ ವಕೀಲರೊಬ್ಬರ ಮನೆಯಲ್ಲಿ ಒಂದು ಸೆಟ್ ಇದೆ ಅಂತ ನೆನಪಾಗಿ ಅಲ್ಲಿಗೆ ಓಡುತ್ತಾರೆ. ಒಳಗೆ ವಕೀಲರು ಸಾಯಲು ಬಿದ್ದಿದ್ದಾರೆ. ಇವರ ಕಣ್ಣು ಕಾಯಿಗಳ ಮೇಲೆ. ಅದೂ ಕೈಗೆ ಹತ್ತದೇ ಕೊನೆಗೆ ಮನೆಗೆ ಬಂದು ಟೊಮ್ಯಾಟೊ, ನಿಂಬೆಹಣ್ಣು ಇಟ್ಟುಕೊಂಡು ಆಡುತ್ತಾರೆ. ಮಿರ್ಜಾ ಆಗಿರುವ ಸಂಜೀವ್ ಕುಮಾರ್ ಆ ಟೊಮ್ಯಾಟೊವನ್ನು ನೋಡುವ ಗಾಂಭೀರ್ಯ ಇದೆಯಲ್ಲ, ಅಲ್ಲಿ ನನಗೆ ಮೊದಲ ಸಲ ನಗು ಬಂತು. ಚಾಚಾ ಅಂತೂ ತೊಡೆ ತಟ್ಟಿಕೊಂಡು ನಕ್ಕರು. "ನಮ್ಮ ಮಾವನೂ ಹಿಂಗ. ಇಸ್ಪೀಟು ಕಸಗೊಂಡು ಒಲಿಗೆ ಹಾಕಿದ್ರ, ಬೀಡಿ ಪಾಕೀಟಿನ ಹಾಳಿ ಮ್ಯಾಲ ಬರಕೊಂಡು ಆಡಿದ."

ನಕ್ಕ ಮೇಲೆ ಮೊಬೈಲನ್ನು ಜೇಬಿಗೆ ಹಾಕಿದೆ. ಯಾಕೆ ಹಾಕಿದೆ ಅಂತ ಆಗ ಯೋಚಿಸಲಿಲ್ಲ.

ರಾಜ ವಾಜಿದ್ ಅಲಿ ಶಾ ಬಂದಾಗ ಹುಡುಗರು ಮತ್ತೆ ಗದ್ದಲ ಎಬ್ಬಿಸಿದರು. "ಲೇ, ಗಬ್ಬರ್!" ಹೌದು, ಅಮ್ಜದ್ ಖಾನ್. ಎರಡೇ ವರ್ಷ ಹಿಂದೆ ನಮ್ಮ ರಾಮನಗರದ ಬಂಡೆಗಳ ಮೇಲೆ ಗಬ್ಬರ್ ಸಿಂಗ್ ಆಗಿ ಓಡಾಡಿದ ಅದೇ ಮನುಷ್ಯ. ಇಲ್ಲಿ ಮೈತುಂಬ ಮುತ್ತಿನ ಸರ, ಮೆತ್ತನೆಯ ಮಾತು, ಕಣ್ಣಿನಲ್ಲಿ ನಿದ್ದೆಯ ಹಾಗೆ ಏನೋ ಒಂದು. ಸುದ್ದಿ ತಂದ ಮಂತ್ರಿ ಅಳುತ್ತಾ ನಿಂತಿದ್ದರೆ, ಗಂಡಸಿನ ಕಣ್ಣಲ್ಲಿ ನೀರು ತರಿಸುವುದು ಕವಿತೆ ಮತ್ತು ಸಂಗೀತ ಎರಡೇ ಅಲ್ಲವೇ ಅಂತ ಕೇಳುತ್ತಾನೆ. ಗದ್ದಲ ತಣ್ಣಗಾಯಿತು. ಆಮೇಲೆ ಯಾರೂ ಗಬ್ಬರ್ ಅನ್ನಲಿಲ್ಲ.

ದರ್ಬಾರಿನಲ್ಲಿ ಒಂದು ಕಥಕ್ ನೃತ್ಯ ಇದೆ. ಬಿರ್ಜು ಮಹಾರಾಜ್ ಸಂಯೋಜನೆ, ಕುಣಿಯುವವರು ಶಾಶ್ವತಿ ಸೇನ್. ನಾನಾಗಿದ್ದರೆ ಅದಕ್ಕೆ ಐವತ್ತು ಕಟ್ ಹಾಕುತ್ತಿದ್ದೆ. ಕಾಲು, ಕಣ್ಣು, ಗೆಜ್ಜೆ, ಮತ್ತೆ ಕಾಲು. ಇಲ್ಲಿ ಕ್ಯಾಮೆರಾಗೆ ಅವಸರವೇ ಇಲ್ಲ. ಆಕೆ ಒಂದು ಭಾವ ತೋರಿಸಿ ಮುಗಿಸುವವರೆಗೆ ಅದು ಕಾಯುತ್ತದೆ. ಹಿರಿಯರು ಮಾತಾಡುವಾಗ ನಾವು ಕಾಯುವುದಿಲ್ಲವಾ, ಹಾಗೆ. ನಾನು ಬಣ್ಣ ನೋಡತೊಡಗಿದೆ. ಗೋಡೆಗಳ ಬಣ್ಣ, ರೇಷ್ಮೆಯ ಮೇಲೆ ದೀಪದ ಬೆಳಕು ಬಿದ್ದ ರೀತಿ, ಹುಕ್ಕಾದ ಕೊಳವೆ ಸುತ್ತಿಕೊಂಡ ಜಾಗ. ಸೌಮೇಂದು ರಾಯ್ ಅನ್ನುವವರ ಕ್ಯಾಮೆರಾ ಅದು, ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ಪರದೆ ಮೇಲೆ ಒಂದು ಹಳೇ ಚಿತ್ರ ತೂಗುಹಾಕಿ, ನಿಧಾನಕ್ಕೆ ನೋಡಿಕೋ ಅಂತ ಬಿಟ್ಟು ಹೋದ ಹಾಗಿತ್ತು. ನಮ್ಮ ಕಸುಬಿನಲ್ಲಿ 'ಕಣ್ಣಿಗೆ ಜಾಗ ಬಿಡು' ಅನ್ನುವ ಮಾತಿದೆ. ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳುತ್ತಿದ್ದರು. ಎಷ್ಟೋ ವರ್ಷದ ಮೇಲೆ ಅದು ನೆನಪಾಯಿತು.

ಎಲ್ಲವೂ ಹಿಡಿಸಿತು ಅಂದರೆ ಸುಳ್ಳಾಗುತ್ತದೆ. ಇಂಗ್ಲಿಷ್ ಅಧಿಕಾರಿ ಔಟ್ರಮ್ ತನ್ನ ಕ್ಯಾಪ್ಟನ್ ಜೊತೆ ಕೂತು ರಾಜನ ಬಗ್ಗೆ ಮಾತಾಡುವ ಭಾಗ ಬಹಳ ಉದ್ದ. ಪೂರ್ತಿ ಇಂಗ್ಲಿಷ್. ನನಗೆ ಜೋಂಪು ಹತ್ತಿತು. ಚಾಚಾ ಆಗಲೇ ಗೊರಕೆ ಹೊಡೆಯುತ್ತಿದ್ದರು.

ಮುನ್ಷಿ ಬರುವ ಭಾಗ ಒಂದಿದೆ. ಈ ಭಾಗವನ್ನು ನೀವು ಗಮನಿಸಬೇಕು. ಮುನ್ಷಿ ನಂದಲಾಲ್ ಬಂದು ಗೆಳೆಯರಿಗೆ ಇಂಗ್ಲಿಷರ ಚದುರಂಗ ಹೇಗೆ ಅಂತ ಹೇಳಿಕೊಡುತ್ತಾನೆ. ಅವರಲ್ಲಿ ವಜೀರ ಇಲ್ಲ, ಅವನ ಜಾಗದಲ್ಲಿ ರಾಣಿ. ಪ್ಯಾದೆ ಮೊದಲ ಸಲ ಎರಡು ಮನೆ ಹಾರಬಹುದು. ಹಾಗಾಗಿ ಆಟ ಬೇಗ ಮುಗಿಯುತ್ತದೆ. ನಮ್ಮ ಆಟ ಅವರಿಗೆ ಭಾಳ ನಿಧಾನ. ನಮ್ಮ ಗಾಡಿ, ನಮ್ಮ ಪತ್ರವೂ ಅವರಿಗೆ ನಿಧಾನ, ಅದಕ್ಕೇ ರೈಲು ಮತ್ತು ತಾರು ತಂದಿದ್ದಾರೆ ಅನ್ನುವ ಧಾಟಿಯ ಮಾತು ಅಲ್ಲಿ ಬರುತ್ತದೆ. ಹಾಲ್‌ನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಹೊಟ್ಟೆಯಲ್ಲಿ ಏನೋ ಆಯಿತು. ಈ ಊರಿನಲ್ಲಿ ಪ್ಯಾದೆಯನ್ನು ಎರಡು ಮನೆ ಹಾರಿಸುವವನು ನಾನೇ ಅಲ್ವಾ?

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ಔಟ್ರಮ್ ಒಪ್ಪಂದದ ಕಾಗದ ಹಿಡಿದು ಅರಮನೆಗೆ ಬಂದಿದ್ದಾನೆ. ರಾಜ ಸಹಿ ಹಾಕಬೇಕು. ಯುದ್ಧ ಇಲ್ಲ, ಕುದುರೆ ಇಲ್ಲ, ಕತ್ತಿ ಇಲ್ಲ. ಸಾಮಾನ್ಯವಾಗಿ ಐತಿಹಾಸಿಕ ಪಿಚ್ಚರ್ ಅಂದರೆ ಈ ಹೊತ್ತಿಗೆ ಗ್ರಾಫಿಕ್ಸ್‌ನಲ್ಲಿ ಹತ್ತು ಸಾವಿರ ಸೈನಿಕರು ಓಡುತ್ತಿರುತ್ತಾರೆ. ಇಲ್ಲಿ ರಾಜ ನಿಧಾನಕ್ಕೆ ಬರುತ್ತಾನೆ. ಕಿರೀಟಕ್ಕೆ ಕೈ ಹಾಕುತ್ತಾನೆ. ತೆಗೆದು ಆ ಇಂಗ್ಲಿಷನ ಮುಂದೆ ಹಿಡಿಯುತ್ತಾನೆ. ಆ ಕ್ಷಣಕ್ಕೆ ಸರಿಯಾಗಿ ನನ್ನ ಪ್ರೊಜೆಕ್ಟರ್ ಆರಿಹೋಯಿತು.

ಪೂರ್ತಿ ಕತ್ತಲೆ. ನಾನು ತಡವರಿಸುತ್ತಾ ಎದ್ದೆ. ಬಿಸಿಯಾದ ಪ್ರೊಜೆಕ್ಟರಿಗೆ ಮಾಡುವಂಥದ್ದು ಏನೂ ಇಲ್ಲ, ಕಾಯಬೇಕು, ಅಷ್ಟೇ. ಒಂದು ರಟ್ಟಿನ ತುಂಡು ಸಿಕ್ಕಿತು. ಅದರಿಂದ ಗಾಳಿ ಬೀಸುತ್ತಾ ನಿಂತೆ. ಯಾರೋ ಲೈಟ್ ಸ್ವಿಚ್ಚಿಗೆ ಕೈ ಹಾಕಿರಬೇಕು. ಮುಂದಿನ ಸಾಲಿನಿಂದ ಒಂದು ಹುಡುಗಿಯ ದನಿ ಬಂತು. "ಲೈಟ್ ಹಾಕಬ್ಯಾಡ್ರಿ." ಯಾರೂ ಹಾಕಲಿಲ್ಲ.

ಬೀಸಿದೆ, ಬೀಸಿದೆ. ಎಷ್ಟು ಹೊತ್ತು? ಹತ್ತು ನಿಮಿಷದ ಮೇಲೇ ಆಗಿರಬೇಕು. ಒಬ್ಬರೂ ಏಳಲಿಲ್ಲ. ಒಂದೆರಡು ಮೊಬೈಲ್ ಬೆಳಗಿ ತಾವೇ ಆರಿದವು. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ಕೇಳಿದರು. "ಕಿರೀಟ ಅವ ತಗೋತಾನೇನು?" ಇನ್ನೊಬ್ಬರು, "ತಗೊಳ್ಳಂಗಿಲ್ಲ. ಅವ್ನಿಗೆ ಬೇಕಾಗಿದ್ದು ಸಹಿ" ಅಂದರು. ಚಾಚಾ ಕತ್ತಲಲ್ಲಿ ನನ್ನ ಕೈ ಮುಟ್ಟಿ, "ಜೋರಾಗಿ ಬೀಸು" ಅಂದರು.

ಸಾಹೇಬ್ರೆ, ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾರೆ ಅಂತ ನಾನು ನಿಮಗೆ ಹೇಳಿದ್ದೆ. ಆ ಮೂವತ್ತು ಮಂದಿ ಹತ್ತು ನಿಮಿಷ ಬರೀ ಪರದೆ ನೋಡುತ್ತಾ ಕೂತಿದ್ದರು. ಅದಕ್ಕೆ ನಾನೇ ಸಾಕ್ಷಿ, ರಟ್ಟು ಬೀಸಿದ್ದು ಇದೇ ಕೈ.

ಮತ್ತೆ ಚಾಲೂ ಆಯಿತು. ಔಟ್ರಮ್‌ಗೆ ಆ ಕಿರೀಟದಿಂದ ಏನೂ ಉಪಯೋಗ ಇಲ್ಲ. ನಿಮಗಾಗಿ ತಲೆ ಬರಿದು ಮಾಡಬಲ್ಲೆ, ಆ ಕಾಗದಕ್ಕೆ ಸಹಿ ಮಾಡಲಾರೆ ಅನ್ನುವ ಹಾಗೆ ಹೇಳುತ್ತಾನೆ ರಾಜ. ಅದೇ ಗಬ್ಬರ್.

ಆಗ ನನಗೆ ನಮ್ಮೂರಿನ ಹಳೇ ಅರಮನೆ ಗಗನ ಮಹಲ್ ನೆನಪಾಯಿತು. ಅದರ ನಡುವಿನ ದೊಡ್ಡ ಕಮಾನಿನ ಕೆಳಗೆ ಎಷ್ಟು ಜೋಡಿಗಳ ಫೋಟೊ ತೆಗೆದಿದ್ದೇನೋ ಲೆಕ್ಕ ಇಲ್ಲ. ಬೆಳಗಿನ ಬೆಳಕು ಎಲ್ಲಿ ಬೀಳುತ್ತದೆ, ಯಾವ ಕಲ್ಲಿನ ಮೇಲೆ ನಿಲ್ಲಿಸಿದರೆ ಹುಡುಗ ಎತ್ತರ ಕಾಣುತ್ತಾನೆ, ಎಲ್ಲ ಬಾಯಿಪಾಠ. 1561ರಲ್ಲಿ ಒಂದನೇ ಅಲಿ ಆದಿಲ್ ಶಾ ಕಟ್ಟಿಸಿದ್ದು ಅಂತ ಶಾಲೆಯಲ್ಲಿ ಓದಿದ್ದೂ ನೆನಪಿದೆ. ಆದರೆ 1686ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷಕ್ಕೂ ಮೀರಿದ ಮುತ್ತಿಗೆ ಮುಗಿದು, ನಮ್ಮೂರಿನ ಕೊನೆಯ ಸುಲ್ತಾನ, ಹದಿನೆಂಟರ ಆಸುಪಾಸಿನ ಹುಡುಗ ಸಿಕಂದರ್ ಆದಿಲ್ ಶಾ ಔರಂಗಜೇಬನ ಮುಂದೆ ತಲೆ ಬಾಗಿಸಿದ್ದು ಅಲ್ಲೇ ಅಂತಾರೆ. ಬೆಳ್ಳಿ ಸರಪಳಿ ಹಾಕಿ ಕರೆತಂದರು ಅಂತ ನಮ್ಮೂರಲ್ಲಿ ಹೇಳುತ್ತಾರೆ. ಪಟ್ಟ ಏರಿದಾಗ ಅವನಿನ್ನೂ ಕೂಸು. ಮುಂದೆ 1700ರಲ್ಲಿ ಸೆರೆಯಲ್ಲೇ ಸತ್ತ. ಅವನ ಗೋರಿ ನಮ್ಮೂರಲ್ಲೇ ಇದೆ. ಗುಮ್ಮಟ ಇಲ್ಲ, ಮಿನಾರ್ ಇಲ್ಲ. ಅಲ್ಲಿಗೆ ಫೋಟೊ ತೆಗೆಸಲು ನನ್ನನ್ನು ಯಾರೂ ಇದುವರೆಗೆ ಕರೆದಿಲ್ಲ.

ಇಷ್ಟು ವರ್ಷ ಆ ಕಮಾನು ನನಗೆ ಒಂದು ಫ್ರೇಮ್ ಮಾತ್ರ ಆಗಿತ್ತು. ಲಖನೌದ ರಾಜನ ಕಿರೀಟವಿಲ್ಲದ ತಲೆ ನೋಡಿದ ಮೇಲೆ ನಮ್ಮೂರಿನ ಹುಡುಗನೊಬ್ಬ ಅದರ ಕೆಳಗೆ ನಿಂತ ಹಾಗೆ ಕಂಡಿತು. ವಾಜಿದ್ ಅಲಿ ಹಾಡು ಬರೆದವನು, ಕುಣಿದವನು. ನಮ್ಮ ಎರಡನೇ ಇಬ್ರಾಹಿಂ ಆದಿಲ್ ಶಾ? ಸರಸ್ವತಿಯನ್ನು ನೆನೆದು ಹಾಡು ಕಟ್ಟಿದವನು. ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು ಅದರ ಮೇಲೆ ಪ್ರಾಣ ಇಟ್ಟುಕೊಂಡಿದ್ದವನು. ಇಂಥ ಕಥೆ ನಮ್ಮಲ್ಲೇ ಇಷ್ಟಿದ್ದರೂ ನನಗೆ ಲಖನೌ ಮೂಲಕ ಬರಬೇಕಾಯಿತು.

ಸಿನಿಮಾದ ಕೊನೆ ಹೇಳಿಬಿಡುತ್ತೇನೆ. ಗೊತ್ತಿದ್ದರೂ ಏನೂ ಹಾಳಾಗುವುದಿಲ್ಲ. ಗೆಳೆಯರಿಬ್ಬರೂ ಊರ ಗದ್ದಲ ಬೇಡ ಅಂತ ನದಿ ದಾಟಿ ಒಂದು ಹಳ್ಳಿಗೆ ಹೋಗಿ ಆಡುತ್ತಾರೆ. ಅಲ್ಲಿ ಜಗಳ ಹತ್ತಿ ಒಬ್ಬ ಪಿಸ್ತೂಲು ಹಾರಿಸುತ್ತಾನೆ, ಗುಂಡು ಇನ್ನೊಬ್ಬನಿಗೆ ಸವರಿಕೊಂಡು ಹೋಗುತ್ತದೆ. ಅತ್ತ ಕಂಪನಿ ಸೈನ್ಯ ಊರಿಗೆ ನಡೆದಿದೆ. ಪ್ರೇಮಚಂದರ ಕಥೆಯಲ್ಲಿ ಇಬ್ಬರೂ ಕತ್ತಿ ಹಿರಿದು ಸಾಯುತ್ತಾರೆ. ರಾಯ್ ಅವರನ್ನು ಸಾಯಿಸುವುದಿಲ್ಲ. ಮತ್ತೆ ಹಾಸು ಸರಿ ಮಾಡಿಕೊಂಡು, ವಜೀರನನ್ನು ಸರಿಸಿ, ವಿಕ್ಟೋರಿಯಾ ರಾಣಿ ಬರುತ್ತಿದ್ದಾಳೆ ಅನ್ನುತ್ತಾ ಇಂಗ್ಲಿಷರ ಬೇಗದ ಆಟ ಶುರು ಮಾಡುತ್ತಾರೆ. ಸತ್ತಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಹೊರಗೆ ಚಹಾ ಅಂಗಡಿಯಲ್ಲಿ ನಡುವೆ ಎದ್ದು ಹೋದ ಹತ್ತು ಮಂದಿಯಲ್ಲಿ ಒಬ್ಬ ಸಿಕ್ಕ. ಗ್ಯಾರೇಜಿನ ಹುಡುಗ. "ಯಾಕೋ ಎದ್ದಿ? ಬ್ಯಾಸರಾತೇನು?" ಅಂತ ಕೇಳಿದೆ. ಅವನು ಹೇಳಿದ್ದು ಕೇಳಿ ನಾನು ಕಪ್ಪು ಕೆಳಗಿಟ್ಟೆ. "ಬ್ಯಾಸರಲ್ಲ ಅಣ್ಣಾ. ಚಂದ ಇತ್ತು. ಆದ್ರ ಕೆಳಗಿನ ಇಂಗ್ಲಿಷ್ ಓದಿ ಮುಗಿಸೋದ್ರಾಗ ಅದು ಹೋಗೇ ಬಿಡ್ತಿತ್ತು." ಜಗತ್ತೆಲ್ಲ ನಿಧಾನ ಅನ್ನುವ ಸಿನಿಮಾ ಅವನಿಗೆ ಭಾಳ ಜೋರಾಗಿ ಓಡಿತ್ತು!

ಮರುವಾರ ಗಗನ ಮಹಲ್‌ನಲ್ಲಿ ಒಂದು ಜೋಡಿಯ ಶೂಟ್ ಇತ್ತು. (ಪರ್ಮಿಷನ್ ತೆಗೆದುಕೊಂಡೇ, ಸಾಹೇಬ್ರೆ.) ಕೆಲಸ ಎಲ್ಲ ಮುಗಿಸಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಇಟ್ಟು, ಸುಮ್ಮನೆ ಒಂದು ನಿಮಿಷ ಕಮಾನಿನ ಕೆಳಗೆ ನಿಂತಿರಿ ಅಂದೆ. ಹುಡುಗ ಚಡಪಡಿಸಿದ. "ಅಣ್ಣಾ, ಇದು ಫೋಟೊನೋ ವಿಡಿಯೋನೋ?" ನಿಲ್ಲಪ್ಪ ಅಂದೆ. ಮೊದಲ ಇಪ್ಪತ್ತು ಸೆಕೆಂಡ್ ಇಬ್ಬರೂ ಕ್ಯಾಮೆರಾಗೆ ಹಲ್ಲು ಕಿರಿದರು. ಆಮೇಲೆ ನಗು ಇಳಿಯಿತು. ಮೇಲೆ ಗಿಳಿಗಳು ಕಿರುಚಿದವು. ಹುಡುಗಿ ತಲೆ ಎತ್ತಿ ಕಮಾನು ನೋಡಿದಳು. ನೋಡುತ್ತಾ ನೋಡುತ್ತಾ, ಗೊತ್ತಿಲ್ಲದ ಹಾಗೆ, ಅವನ ಕೊರಳಪಟ್ಟಿಯ ಮೇಲೆ ಬಿದ್ದಿದ್ದ ಒಣ ಎಲೆಯೊಂದನ್ನು ತೆಗೆದು ಹಾಕಿದಳು. ಇಷ್ಟು ವರ್ಷದಲ್ಲಿ ನಾನು ತೆಗೆದ ಅತ್ಯಂತ ಒಳ್ಳೇ ಶಾಟ್ ಅದು. ವಿಡಿಯೋ ನೋಡಿ ಹುಡುಗನ ಮನೆಯವರು ಅದನ್ನು ತೆಗೆಯಿರಿ ಅಂದರು. ತೆಗೆದೆ. ಡಿಲೀಟ್ ಮಾತ್ರ ಮಾಡಿಲ್ಲ.

ನನ್ನ ಬೇಡಿಕೆ ಇಷ್ಟು. ಆ ಹುಡುಗರ ಅರ್ಜಿಯನ್ನು ಕೆಳಗಿನಿಂದ ಮೇಲೆ ತೆಗೆಯಿರಿ. ತಿಂಗಳಿಗೊಂದು ಸಂಜೆ ಕಂದಗಲ್ ಹನುಮಂತರಾಯ ರಂಗಮಂದಿರ ಕೊಡಿ. ಆ ಹೆಸರೇ ಸಾಕಲ್ಲ. ಅವರ ನಾಟಕ ನೋಡಲು ಈ ಭಾಗದ ಮಂದಿ ಬುತ್ತಿ ಕಟ್ಟಿಕೊಂಡು ಬಂಡಿಯಲ್ಲಿ ಬಂದು ಬೆಳಕು ಹರಿಯುವವರೆಗೆ ಕೂತಿರುತ್ತಿದ್ದರಂತೆ. 'ರಕ್ತರಾತ್ರಿ' ನಡೆದಾಗ ಒಂದೊಂದು ಕಂದಪದ್ಯ ಎರಡೆರಡು ಸಲ ಹಾಡಿಸುತ್ತಿದ್ದರು, ಆಟ ಬೇಗ ಮುಗೀತು ಅಂತ ಜಗಳ ಆಡುತ್ತಿದ್ದರು ಅಂತ ಚಾಚಾ ಹೇಳುತ್ತಾರೆ. ಇವತ್ತಿಗೂ ಶ್ರೀಕೃಷ್ಣ ಪಾರಿಜಾತದ ಆಟ ಇಟ್ಟ ಹಳ್ಳಿಗೆ ಹೋಗಿ ನೋಡಿ. ಕೊರವಂಜಿ ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತವೆ, ಮುದುಕರು ಎದ್ದಿರುತ್ತಾರೆ. ಕೂಡುವ ಮಂದಿ ನಮ್ಮವರು. ನಾನೇ ಅದನ್ನು ಮರೆತು ಮಾತಾಡಿದ್ದೆ.

ಎರಡನೆಯದು ಇದಕ್ಕಿಂತ ದೊಡ್ಡದು. ಸಿನಿಮಾದ ಕೆಳಗೆ ಕನ್ನಡದಲ್ಲಿ ಅಕ್ಷರ ಬರಬೇಕು. ಇದಕ್ಕೆ ಭಾರೀ ಖರ್ಚು ಏನಿಲ್ಲ. ಕನ್ನಡ ಓದುವ ಹುಡುಗ ಹುಡುಗಿಯರೇ ಕೂತು ಮಾಡಬಲ್ಲರು, ಅವರಿಗೆ ಅಷ್ಟಿಷ್ಟು ಗೌರವಧನ ಕೊಟ್ಟರೆ ಸಾಕು. ಕಂಪ್ಯೂಟರಿನಲ್ಲಿ ಅದನ್ನು ಕೂಡಿಸುವ ಕೆಲಸ ನನಗೆ ಬರುತ್ತದೆ. ಅದಿಲ್ಲದಿದ್ದರೆ ಗ್ಯಾರೇಜಿನ ಹುಡುಗ ಮತ್ತೆ ಎದ್ದು ಹೋಗುತ್ತಾನೆ. ನಾವು ಮತ್ತೆ ನಮ್ಮ ಮಂದಿಗೆ ರುಚಿ ಇಲ್ಲ ಅಂತ ಬರೆದುಕೊಳ್ಳುತ್ತೇವೆ. ನವರಸಪುರ ಉತ್ಸವ ನಡೆಯುವ ವರ್ಷ ಒಂದು ರಾತ್ರಿ ಬಯಲಿನಲ್ಲಿ ಪರದೆ ಕಟ್ಟಿ ಇಂಥದ್ದೊಂದು ತೋರಿಸಿದರೆ ಇನ್ನೂ ಚಂದ. ಇಬ್ರಾಹಿಂ ಕಟ್ಟಿಸಿದ ಊರಿನ ಹೆಸರಿನ ಉತ್ಸವಕ್ಕೆ ವಾಜಿದ್ ಅಲಿ ಅತಿಥಿ ಆಗಿ ಬಂದರೆ ತಪ್ಪೇನಿಲ್ಲ ಅಲ್ವಾ?

ಪ್ರೊಜೆಕ್ಟರ್, ಪರದೆ, ಸ್ಪೀಕರ್ ನನ್ನವು. ಮೊದಲ ವರ್ಷ ಬಾಡಿಗೆ ತಗೊಳ್ಳುವುದಿಲ್ಲ. ಅವತ್ತು ಆಡಿದ ಮಾತಿಗೆ ಇದು ದಂಡ ಅಂತ ತಿಳಿಯಿರಿ. ಫ್ಯಾನ್ ಬದಲಿಸಿದ್ದೇನೆ. ರಟ್ಟಿನ ತುಂಡನ್ನೂ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಇರಲಿ ಅಂತ.

ಚಾಚಾ ನಿನ್ನೆಯೂ ಅಂಗಡಿಗೆ ಬಂದಿದ್ದರು. "ಮುಂದಿನ ಪಿಚ್ಚರ್ ಯಾವಾಗಪಾ?" ಅಂತ ಕೇಳಿದರು. ಸಾಹೇಬರಿಗೆ ಪತ್ರ ಬರೀಲಿಕ್ಕತ್ತೀನಿ ಅಂದೆ. "ಹಂಗಾದ್ರ ಮುಂದಿನ ವರ್ಷ ಅನ್ನು" ಅಂತ ನಕ್ಕು, ಚಹಾ ಕುಡಿದು ಹೋದರು.

ಇಂತಿ ತಮ್ಮ ವಿಶ್ವಾಸಿ,
ಗಾಂಧಿ ಚೌಕದ ಒಬ್ಬ ಫೋಟೊಗ್ರಾಫರ್
ವಿಜಯಪುರ